ನಿತ್ಯಾನಂದನ ಹೊಗೆಯಿಲ್ಲದ ಎಂಜಿನ್ನು

ಮಲಯ್ ನಾಡಿನ ಸುಬಾಂಗ್ ಜಯಾದಲ್ಲಿ ನೆಲೆಸಿದ್ದ ನಿತ್ಯಾನಂದ ಬದುಕಿನಲ್ಲಿ ಜಂಬ ಕೊಚ್ಚಿಕೊಂಡದ್ದು ಒಂದೇ ಸಲ. ಅದೂ ಮ್ಯೂಟ್ ಬಟನ್ ಒತ್ತಿದ್ದೇನೆ ಎಂಬ ದೃಢವಾದ ನಂಬಿಕೆಯಲ್ಲಿ.

ಹೆಸರು ನೋಡಿ ಯಾರೂ ಮೋಸಹೋಗಬಾರದು. ಆನಂದ ಅವನ ಹೆಸರಿನಲ್ಲಷ್ಟೇ ಇತ್ತು. ನಿತ್ಯವೂ ಇದ್ದದ್ದು ಹೆದರಿಕೆ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಹಲ್ಲಿಗೂ ಹಾಲ್‌ಟಿಕೆಟ್ ಕಳೆದುಹೋಗುವುದಕ್ಕೂ ಸಮಾನವಾಗಿ ಹೆದರುತ್ತಿದ್ದವನು, ದೊಡ್ಡವನಾದ ಮೇಲೆ ಆ ಹೆದರಿಕೆಯನ್ನೇ ಉದ್ಯೋಗ ಮಾಡಿಕೊಂಡ. ಸಾಫ್ಟ್‌ವೇರಿನಲ್ಲಿ ಏನೇನು ಕೆಡಬಹುದು ಎಂದು ಮುಂಚಿತವಾಗಿ ಹೆದರುವುದಕ್ಕೇ ಸೈಬರ್‌ಜಯಾದ ಒಂದು ಕಂಪನಿ ಅವನಿಗೆ ಸಂಬಳ ಕೊಡುತ್ತಿತ್ತು. ಕೊರೋನಾ ಬಂದಾಗ ಇಡೀ ಜಗತ್ತು ಸ್ವಲ್ಪ ತಡವಾಗಿಯಾದರೂ ತನ್ನ ಅಭಿಪ್ರಾಯಕ್ಕೆ ಬಂತಲ್ಲ ಎಂದು ಅವನಿಗೆ ಅನ್ನಿಸಿತು. ಲಿಫ್ಟಿನ ಗುಂಡಿಯನ್ನು ಊದುಬತ್ತಿಯ ಕಡ್ಡಿಯಿಂದ ಒತ್ತುತ್ತಿದ್ದ. ಈರುಳ್ಳಿಗೆ ಸೋಪು ಹಾಕಿ ಸ್ನಾನ ಮಾಡಿಸುತ್ತಿದ್ದ. "ಇನ್ನೊಂದು ಸಲ ಈರುಳ್ಳಿಗೆ ಸೋಪು ಹಾಕಿದ್ರೆ ನಿಮ್ಮನ್ನೇ ಹೆಚ್ಚಿ ಹುಳಿಗೆ ಹಾಕ್ತೀನಿ," ಎಂದು ಹೆಂಡತಿ ವೇದಾ ಎಚ್ಚರಿಸಿದ ಮೇಲೆ ಬರೀ ನೀರಿಗೆ ಇಳಿದಿದ್ದ.

ಅದು ಎರಡನೆಯ ವರ್ಷದ ಲಾಕ್‌ಡೌನ್. ರಸ್ತೆಯ ಆಚೆಯ ಬ್ಲಾಕಿಗೆ ಮುಳ್ಳುತಂತಿ ಸುತ್ತಿದ್ದರು. ಬಿಳಿ ಉಡುಪಿನವರು ಬಂದು ಒಬ್ಬೊಬ್ಬರನ್ನೇ ಆಂಬುಲೆನ್ಸಿಗೆ ಹತ್ತಿಸುವುದನ್ನು ಜನ ಪರದೆಯ ಸಂದಿಯಿಂದ ನೋಡಿ, ಪರದೆ ಎಳೆದು, ಬಿಸಿನೀರು ಕುಡಿಯುತ್ತಿದ್ದರು. ಕನ್ನಡದವರಿಗೆ ಉಳಿದಿದ್ದ ಸುಖವೆಂದರೆ ಶನಿವಾರದ ಜೂಮ್ ಹರಟೆ. ಅಂದು ಕೆಳಗಿನ ಮಹಡಿಯ ಲೋಕೇಶ ತಾನು ಬೇಯಿಸಿದ ಬ್ರೆಡ್ಡನ್ನು ಹುಟ್ಟಿದ ಮಗುವಿನಂತೆ ಟವೆಲಿನಲ್ಲಿ ಎತ್ತಿಕೊಂಡು ಎಲ್ಲರಿಗೂ ತೋರಿಸುತ್ತಿದ್ದ.

ನಿತ್ಯಾನಂದ ಅವಲಕ್ಕಿ ತಿನ್ನುತ್ತ ವೇದಾಳಿಗೆ ಹೇಳಿದ:

"ಬ್ರೆಡ್ ಮಾಡೋದೇನ್ ಮಹಾ ವಿದ್ಯೆ? ಹಿಟ್ಟು ತಾನಾಗೇ ಉಬ್ಬತ್ತೆ, ಇವನು ಪಕ್ಕದಲ್ಲಿ ನಿಂತ್ಕೊಂಡು ತಾನೂ ಉಬ್ತಾನೆ. ನಾನು ಮನಸ್ಸು ಮಾಡಿದ್ರೆ ನಮ್ಮ ಬ್ಲಾಕಿಗೆ ಕೊರೋನಾ ಔಷಧಿ ಹೊಡೆಯೋ ಸ್ಪ್ರೇ ಮೆಷಿನ್‌ಗೆ ಡೈರೆಕ್ಟ್ ಫ್ಯೂಯಲ್ ಇಂಜೆಕ್ಷನ್ ಕೂರಿಸಿ, ಹೊಗೇನೇ ಇಲ್ಲ ಅನ್ನಿಸಿಬಿಡ್ತೀನಿ. ಟೂ ಸ್ಟ್ರೋಕ್ ಎಂಜಿನ್ ಅಂದ್ರೇನು ಹೇಳು? ಒಳಗೆ ಬರೋ ಬಾಗಿಲು, ಆಚೆ ಹೋಗೋ ಬಾಗಿಲು ಎರಡೂ ಒಟ್ಟಿಗೆ ತೆಗೆದಿರತ್ತೆ. ಹಾಕಿದ ಪೆಟ್ರೋಲು ಒಂದು ಪಾಲು ಉರೀದೇನೇ ಹೋಗ್ಬಿಡತ್ತೆ, ಮದುವೆ ಮನೇಲಿ ಊಟಕ್ಕೆ ಕೂರದೇ ಹಿತ್ತಿಲ ಬಾಗಿಲಿಂದ ಜಾರ್ಕೊಳ್ಳೋ ನೆಂಟರ ಹಾಗೆ. ಹೋಗೋ ಬಾಗಿಲು ಮುಚ್ಚಿದ ಮೇಲೆ ಸೀದಾ ಎಲೆ ಮುಂದೇನೇ ಬಡಿಸಿದ್ರೆ? ಅದೇ ಡೈರೆಕ್ಟ್ ಇಂಜೆಕ್ಷನ್! ಇವನ ಬ್ರೆಡ್ಡಂತೆ, ಬ್ರೆಡ್ಡು."

ಮಗಳು ಪೂರ್ವಿ ಫೋನಿನಿಂದ ಕಣ್ಣು ತೆಗೆಯದೆ, "ಅಪ್ಪಾ, ಯು ಆರ್ ನಾಟ್ ಆನ್ ಮ್ಯೂಟ್," ಎಂದಳು.

ಪರದೆಯ ಮೇಲಿದ್ದ ಮುಖಗಳೆಲ್ಲ ಇವನನ್ನೇ ನೋಡುತ್ತಿದ್ದವು. ಲೋಕೇಶನ ಕೈಯಲ್ಲಿದ್ದ ಬ್ರೆಡ್ಡು ಮೆಲ್ಲಗೆ ಕೆಳಗಿಳಿಯಿತು. ನಿತ್ಯಾನಂದ ಊಟ ಮಾಡುತ್ತ ನೋಡಿದ್ದ ಒಂದೇ ಒಂದು ವಿಡಿಯೊದ ಸಾರಾಂಶ ಅದು. ಎಂಜಿನ್ನನ್ನು ಅವನು ಕೈಯಿಂದ ಮುಟ್ಟಿದವನಲ್ಲ. ಹಾಗೆಂದು ಹೇಳಿಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಧಾರವಾಡದ ಕಮರುದ್ದೀನ್ ಪರದೆಗೆ ಮುಖವೊಡ್ಡಿದ. ಪಕ್ಕದ ಊರು ಶಾ ಆಲಮ್‌ನಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳ ಕಾರ್ಖಾನೆಯಲ್ಲಿ ಅವನು ನಿಜವಾದ ಎಂಜಿನಿಯರು.

"ಅಲಲಲಾ! ಏನ್ರೀ ನಿತ್ಯಾನಂದ್ರ, ಇಷ್ಟ್ ದಿನಾ ಬೂದಿ ಮುಚ್ಚಿದ ಕೆಂಡದಂಗ ಕುಂತಿದ್ರೆಲ್ರೀ! ನಮ್ಮ ಹುಡುಗ್ರಿಗೆ ವರ್ಷಗಟ್ಟಲೆ ಹೇಳಿದ್ರೂ ತಿಳೀವಲ್ದು, ನೀವು ಅವಲಕ್ಕಿ ತಿನಕೋತ ಬಿಡಿಸಿಟ್ಟ್ರಿ. ಸಿಲಿಂಡರ್ ಹೆಡ್ ನಾ ಮಾಡಿಕೊಡ್ತೀನ್ರೀ. ಇಂಜೆಕ್ಟರೂ ಅದಾವು. ಕೂರ್ಸೂದು ನಿಮಗೇನ್ ಹೇಳೂದ್ರೀ, ಗೊತ್ತಿದ್ದವ್ರಿಗೆ!"

ಈ ಕೊನೆಯ ವಾಕ್ಯ ನಿತ್ಯಾನಂದನ ಪಾಲಿಗೆ ಶಾಪವಾಯಿತು. ಅಂದಿನಿಂದ ಯಾರೂ ಅವನಿಗೆ ಏನನ್ನೂ ಹೇಳಿಕೊಡಲಿಲ್ಲ.

ಲೋಕೇಶ ಬ್ರೆಡ್ಡಿನ ಅವಮಾನವನ್ನು ನುಂಗಿಕೊಳ್ಳುವವನಲ್ಲ. ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ, "ನಮ್ಮ ನಿತ್ಯಾನಂದ ಸರ್ ಸ್ಪ್ರೇ ಮೆಷಿನ್ನನ್ನು ಹೊಗೆಯಿಲ್ಲದಂತೆ ಮಾಡಿಕೊಡಲು ಒಪ್ಪಿದ್ದಾರೆ, ಚಪ್ಪಾಳೆ," ಎಂದು ಹಾಕಿದ. ಚಪ್ಪಾಳೆಯ ಚಿತ್ರಗಳು ಸುರಿದವು. ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಹೊಡೆಯಿತು.

ನಿತ್ಯಾನಂದ ಕಿಂಡಿಯಿಂದ ನೋಡಿದ. ಎರಡು ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ, ಅದರ ಹಿಂದೆ ನಿವಾಸಿಗಳ ಸಂಘದ ಅಧ್ಯಕ್ಷೆ ಭಾನುಮತಿ. ನಿವೃತ್ತ ಹೆಡ್‌ಮಿಸ್ಟ್ರೆಸ್; ಇಲ್ಲೇ ಹುಟ್ಟಿ ಬೆಳೆದ ತಮಿಳರು. ಪಕ್ಕದಲ್ಲಿ ಕಾವಲುಗಾರ, ಬೆನ್ನಿಗೆ ಹೊರುವ ಆ ಸ್ಪ್ರೇ ಮೆಷಿನ್ನನ್ನು ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿಟ್ಟುಕೊಂಡು ನಿಂತಿದ್ದ.

"ಮಿಸ್ಟರ್ ನಿತ್ಯಾ, ನೀವು ಎಂಜಿನಿಯರ್ ಅಂತ ಯಾಕೆ ಹೇಳಲೇ ಇಲ್ಲ ಲಾ?" ಎಂದು ಆ ಊರಿನವರ ರೂಢಿಯ 'ಲಾ' ಸೇರಿಸಿ ಕೇಳಿದರು.

"ಮೇಡಂ, ಆಕ್ಚುಯಲಿ ನಾನು..."

"ವಿನಯ ಎಲ್ಲ ಆಮೇಲೆ. ಮೊದಲು ಕೇಳಿ." ಭಾನುಮತಿಯವರ ಸ್ವರ ತಗ್ಗಿತು. "ಒಂಬತ್ತನೇ ಮಹಡಿ ಸರೋಜ ಆಂಟಿ ಗೊತ್ತಲ್ಲ? ಆಸ್ತಮಾ. ಔಷಧಿ ನೀರು ಅವರಿಗೆ ಏನೂ ಮಾಡೋದಿಲ್ಲ, ಈ ಎಂಜಿನ್ ಹೊಗೆ ಆಗೋದಿಲ್ಲ. ಕಾರಿಡಾರಲ್ಲಿ ನಿಂತುಬಿಡುತ್ತೆ. ಒದ್ದೆ ಟವೆಲ್ ಬಾಗಿಲಡಿ ತುರುಕಿಕೊಂಡು ಕೂತಿರ್ತಾರೆ. ಹೋದ ವಾರ ತುಟಿ ನೀಲಿ ಆಗಿತ್ತು. ಆಸ್ಪತ್ರೆಗೆ ಬನ್ನಿ ಅಂದ್ರೆ, ಅಲ್ಲಿಗೆ ಹೋದವರು ವಾಪಸ್ ಬರ್ತಿಲ್ಲ, ನಾನು ಬರೋದಿಲ್ಲ ಅಂತಾರೆ. ಸ್ಪ್ರೇ ನಿಲ್ಲಿಸಿದ್ರೆ ನಾವೂ ಎದುರು ಬ್ಲಾಕಿನ ಹಾಗೆ ಆಗ್ತೀವಿ. ಮಾಡಿದ್ರೆ ಸರೋಜ ಉಳಿಯೋದಿಲ್ಲ. ದೇವರೇ ನಿಮ್ಮನ್ನ ಕಳಿಸಿದ್ದು."

ದೇವರು ಕಳಿಸಿದವನು ತಳ್ಳುಗಾಡಿಯನ್ನು ಕಾಲಿನಿಂದ ಒಳಗೆ ಎಳೆದುಕೊಂಡ. ಬಾಗಿಲು ಮುಚ್ಚಿದ ಮೇಲೆ ವೇದಾ ಕೇಳಿದಳು: "ನಿಜ ಹೇಳಿಬಿಡಬಾರದಾಗಿತ್ತಾ?"

"ಹೇಗೆ ಹೇಳೋದು? ಅವರು ಕೈ ಮುಗಿದ್ರು ಕಣೇ. ಬೈದಿದ್ರೆ ಹೇಳ್ತಿದ್ದೆ."

ಒಳ್ಳೆಯವರ ನಡುವೆ ಸಿಕ್ಕಿಬಿದ್ದ ಸುಳ್ಳುಗಾರನ ಪಾಡು ಶತ್ರುವಿಗೂ ಬೇಡ. ಮಾರನೆಯ ದಿನದಿಂದ ಬಾಗಿಲ ಹಿಡಿಗೆ ಪೊಟ್ಟಣಗಳು ತೂಗತೊಡಗಿದವು. ಚೀನೀ ಅಜ್ಜಿಯೊಬ್ಬರು ಕಿತ್ತಳೆ ಇಟ್ಟು ಹೋದರು. ಮಲಯ್ ಮನೆಯವರು ತೆಂಗಿನ ಹಾಲಿನ ಅನ್ನ ನಾಸಿ ಲೆಮಾಕ್ ತೂಗುಹಾಕಿ, ಗಂಟೆ ಹೊಡೆದು, ದೂರ ಓಡಿ ನಿಂತು ಕೈ ಬೀಸಿದರು. ಸರೋಜ ಆಂಟಿ ಒಣಶುಂಠಿಯ ಸುಕ್ಕು ಕಾಫಿ ಪುಡಿಯನ್ನು ಬಾಟಲಿಗೆ ತುಂಬಿಸಿ, "ಕೆಲಸ ಮಾಡುವಾಗ ಕುಡಿಯಿರಿ, ಗಂಟಲಿಗೆ ಒಳ್ಳೆಯದು," ಎಂದು ಕಾವಲುಗಾರನ ಕೈಯಲ್ಲಿ ಹೇಳಿಕಳಿಸಿದರು. ಉಸಿರಾಡಲು ಕಷ್ಟಪಡುವ ಜೀವ ತನ್ನ ಗಂಟಲಿನ ಚಿಂತೆ ಮಾಡುತ್ತಿದೆಯಲ್ಲ ಎಂದು ನಿತ್ಯಾನಂದನಿಗೆ ಕಾಫಿ ಇಳಿಯಲಿಲ್ಲ. ಪ್ರತಿ ಪೊಟ್ಟಣಕ್ಕೂ ಅವನು ಒಂದು ಸುತ್ತು ಇಳಿದುಹೋದ. ಪೊಟ್ಟಣದೊಳಗಿನದನ್ನು ತಿಂದು ಪೂರ್ವಿ ಒಂದು ಸುತ್ತು ದಪ್ಪಗಾದಳು.

ಸುದ್ದಿ ಮೈಸೂರಿಗೂ ಮುಟ್ಟಿತು. ಚಿಕ್ಕಪ್ಪ ರಾಧಾಕೃಷ್ಣ ವಿಡಿಯೊ ಕರೆ ಮಾಡಿ ಹಣೆಯನ್ನಷ್ಟೇ ತೋರಿಸುತ್ತ ಕೂಗಿದರು: "ಪೇಟೆಂಟ್ ಮಾಡ್ಸಿದ್ಯೇನೋ? ಯಾರಾದ್ರೂ ಕದ್ದ್ಬಿಡ್ತಾರೆ! ನಮ್ಮ ವಂಶದಲ್ಲಿ ಬುದ್ಧಿ ಇದೆ ಅಂತ ನಾನು ಹೇಳ್ತಾನೇ ಇದ್ದೆ, ನಿಮ್ಮಪ್ಪ ನಂಬ್ತಿರಲಿಲ್ಲ!"

ಕಮರುದ್ದೀನ್ ಸಾಮಾನು ಸಿದ್ಧವೆಂದ ದಿನ ನಿತ್ಯಾನಂದ ಸಂಘದ ಮೊಹರು ಹಾಕಿದ ಅನುಮತಿ ಹಿಡಿದು ಕಾರು ಹೊರಡಿಸಿದ. ಕಾರ್ಖಾನೆಯ ಗೇಟಿನಲ್ಲಿ ಕಮರುದ್ದೀನ್ ಒಂದೊಂದೇ ವಸ್ತುವನ್ನು ಎತ್ತಿ ತೋರಿಸಿದ. ತೂತು ಕೊರೆದ ಹೆಡ್ಡು, ಇಂಜೆಕ್ಟರು, ಪೆಟ್ರೋಲ್ ಪಂಪು, ಬ್ಯಾಟರಿ, ಯಾವ ಕ್ಷಣದಲ್ಲಿ ಚಿಮ್ಮಿಸಬೇಕೆಂದು ಲೆಕ್ಕ ಹಾಕುವ ಪುಟ್ಟ ಪೆಟ್ಟಿಗೆ. ಆಗ ಹಿಂದೆ ಯಾರೋ ಸೀನಿದರು. ಆಮೇಲೆ ಕಮರುದ್ದೀನ್ ಹೇಳಿದ್ದೊಂದೂ ನಿತ್ಯಾನಂದನ ತಲೆಗೆ ಇಳಿಯಲಿಲ್ಲ. ಸೀನಿದವನು ಯಾವ ಕಡೆಗೆ ಮುಖ ಮಾಡಿದ್ದ, ಗಾಳಿ ಯಾವ ಕಡೆಗಿತ್ತು ಎಂಬುದೇ ಅವನ ಧ್ಯಾನ. ಕೊನೆಯಲ್ಲಿ ಚೀಲಕ್ಕೆ ಬಿದ್ದ, ಹೆಬ್ಬೆರಳಿನ ಗಾತ್ರದ ಇನ್ನೊಂದು ಪಂಪನ್ನು ಅವನು ನೋಡಿದನೇ ಹೊರತು ಗಮನಿಸಲಿಲ್ಲ.

ವಾಪಸು ಬರುವಾಗ ಪೊಲೀಸ್ ತಡೆ.

"ಎನ್ಚಿಕ್, ಪೆರ್ಗಿ ಮನಾ?" ಎಲ್ಲಿಗೆ ಹೊರಟಿರಿ ಎಂದಷ್ಟೇ ಆ ಹುಡುಗಿ ಕಾನ್‌ಸ್ಟೇಬಲ್ ಕೇಳಿದ್ದು.

"ಮೇಡಂ, ಐ ಆಮ್ ನಾಟ್ ಆನ್ ಎಂಜಿನಿಯರ್!"

"ಯೆಸ್, ಬಟ್ ವೇರ್ ಗೋಯಿಂಗ್?"

"ಐ ಓನ್ಲಿ ಸಾ ಒನ್ ವಿಡಿಯೊ, ಮೇಡಂ!"

ಅವಳು ಅನುಮಾನದಿಂದ ಸಾರ್ಜಂಟನನ್ನು ಕರೆದಳು. ಅವನು ಬಂದು ಡಿಕ್ಕಿ ತೆರೆದು, ತಂತಿ ಹೆಣೆದುಕೊಂಡ ಚೀಲ ನೋಡಿ, "ಅಪಾ ನೀ? ಇದೇನು, ಬಾಂಬಾ?" ಎಂದ.

"ನೋ ಸರ್! ಓನ್ಲಿ ಪೆಟ್ರೋಲ್ ಪಂಪ್, ಬ್ಯಾಟರಿ, ಟೈಮರ್!"

ಬಾಂಬಲ್ಲ ಎಂದು ಸಾಬೀತು ಮಾಡಲು ಇದಕ್ಕಿಂತ ಕೆಟ್ಟ ಮೂರು ಮಾತುಗಳು ಯಾವ ಭಾಷೆಯಲ್ಲಿಯೂ ಸಿಗಲಾರವು. ಹಿಂದಿನ ಕಾರುಗಳು ಹಾರ್ನ್ ನಿಲ್ಲಿಸಿದವು. ನಿತ್ಯಾನಂದ ಕಣ್ಣು ಮುಚ್ಚಿ ಚಾಮುಂಡಿಯನ್ನು ನೆನೆಯುತ್ತಿದ್ದಾಗ ಸಾರ್ಜಂಟ್ ಹೆಡ್ಡನ್ನು ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿದ. "ಓ, ಸ್ಪ್ರೇ ಮೆಷಿನ್! ನನ್ನ ಕಂಪುಂಗಿನಲ್ಲಿ, ಹಳ್ಳಿಯಲ್ಲಿ, ಮಾವನ ಹತ್ತಿರ ಇತ್ತು. ಸ್ಮೋಕ್ ತುಂಬ ಲಾ." ಹುಡುಗಿ ಹೊಸ ಮಾಸ್ಕೊಂದನ್ನು ತನ್ನ ಕೋಲಿನ ತುದಿಗೆ ಸಿಕ್ಕಿಸಿ ಕಿಟಕಿಗೆ ಚಾಚಿದಳು. ನಿತ್ಯಾನಂದನ ಮಾಸ್ಕು ಕಣ್ಣೀರಿನಿಂದ ಒದ್ದೆಯಾಗಿತ್ತು. "ಮನೆಗೆ ಹೋಗಿ ಅಂಕಲ್, ನೀರು ಕುಡೀರಿ," ಎಂದಳು.

ಹೀಗೆ ಅವನು ಸತ್ಯ ಒಪ್ಪಿಕೊಂಡಿದ್ದೇನೋ ಹೌದು. ಅದು ಬೇಕಾಗಿಲ್ಲದವರ ಮುಂದೆ.

ಬಾಲ್ಕನಿಯಲ್ಲಿ ಮೆಷಿನ್ನು ಬಿಚ್ಚಿದ. ಹೆದರುವವನ ಕೈ ಅಚ್ಚುಕಟ್ಟಾಗಿರುತ್ತದೆ. ಪ್ರತಿ ಸ್ಕ್ರೂಗೂ ಒಂದು ಇಡ್ಲಿ ತಟ್ಟೆಯ ಗುಳಿ. ವೇದಾ ಇಡ್ಲಿ ಮಾಡುವುದನ್ನು ನಿಲ್ಲಿಸಿ ಉಪ್ಪಿಟ್ಟಿಗೆ ಬಂದಳು. ಎಲ್ಲವೂ ಕೂತಿತು. ಉಳಿದದ್ದು ಹೆಬ್ಬೆರಳಿನ ಗಾತ್ರದ ಆ ಪಂಪು. ಅದರ ಮೇಲೆ ಎಣ್ಣೆಯ ಹನಿಯ ಚಿತ್ರವಿತ್ತು.

ಇಲ್ಲಿ ಅವನೊಳಗಿನ ಪರೀಕ್ಷಕ ಎಚ್ಚೆತ್ತ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುತ್ತಾರೆ. ನೀಲಿ ಹೊಗೆ ಬರುವುದು ಎಣ್ಣೆ ಉರಿಯುವುದರಿಂದ. ಅಂದಮೇಲೆ ಎಣ್ಣೆಯೇ ದೋಷ. ದೋಷವಿರುವುದನ್ನು ತೆಗೆದುಹಾಕುವುದೇ ಅವನ ವೃತ್ತಿಧರ್ಮ. ಬರೀ ಪೆಟ್ರೋಲು ತುಂಬಿ, ಆ ಪಂಪನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಕಮರುದ್ದೀನನಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಗೊತ್ತಿದ್ದವರು ಕೇಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಕಾರ್ ಪಾರ್ಕಿನಲ್ಲಿ ಪ್ರದರ್ಶನ. ಭಾನುಮತಿಯವರು ಪುರಸಭೆಯಿಂದ ಅಧಿಕಾರಿಯೊಬ್ಬರನ್ನೂ ಕರೆಸಿದ್ದರು. ಕೆಳಗೆ ಹಳದಿ ವೃತ್ತಗಳೊಳಗೆ ಒಬ್ಬೊಬ್ಬರು: ಅಧಿಕಾರಿ, ಭಾನುಮತಿ, ಕಾವಲುಗಾರ, ಫೋನ್ ಹಿಡಿದ ಪೂರ್ವಿ, ಫೋನಿನೊಳಗೆ ಕಮರುದ್ದೀನನೂ ಚಿಕ್ಕಪ್ಪನ ಹಣೆಯೂ. ಉಳಿದವರೆಲ್ಲ ಬಾಲ್ಕನಿಗಳಲ್ಲಿ. ಒಂಬತ್ತನೆಯ ಮಹಡಿಯ ಒಂದು ಕಿಟಕಿ ಮಾತ್ರ ಮುಚ್ಚಿತ್ತು. ಅದರ ಗಾಜಿನ ಹಿಂದೆ ಬಿಳಿಯ ತಲೆಯೊಂದು ಕಾಣುತ್ತಿತ್ತು.

ನಿತ್ಯಾನಂದ ದಾರ ಎಳೆದ. ಮೆಷಿನ್ನು ಕೆಮ್ಮಿತು. ಹತ್ತೂ ಮಹಡಿಗಳ ಜನ ಅಭ್ಯಾಸಬಲದಿಂದ ಹಿಂದಕ್ಕೆ ಸರಿದರು. ಮತ್ತೆ ಎಳೆದ. ಡರ್ರ್ರೆಂದು ಹತ್ತಿಕೊಂಡಿತು.

ಹೊಗೆಯಿಲ್ಲ!

ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು ನಿತ್ಯಾನಂದ. ಬಾಲ್ಕನಿಗಳಲ್ಲಿ ತಟ್ಟೆ ಚಮಚ ಬಡಿದರು. "ವಂಶ! ವಂಶ!" ಎಂದು ಫೋನಿನೊಳಗಿಂದ ಹಣೆ ಕೂಗಿತು. ಅಧಿಕಾರಿ ಬಿಳಿ ಕರವಸ್ತ್ರವನ್ನು ಹೊಗೆಕೊಳವೆಗೆ ಹಿಡಿದು, ಅದು ಬಿಳಿಯಾಗಿಯೇ ಇದ್ದದ್ದನ್ನು ಎಲ್ಲ ಮಹಡಿಗಳಿಗೂ ತೋರಿಸಿದರು. ಒಂಬತ್ತನೆಯ ಮಹಡಿಯ ಕಿಟಕಿ ಮೆಲ್ಲಗೆ ತೆರೆಯಿತು. ಸರೋಜ ಆಂಟಿ ಮೊಣಕೈ ಊರಿ ಹೊರಗೆ ಬಾಗಿ, ಗಾಳಿಯ ರುಚಿ ನೋಡುವವರಂತೆ ಒಂದು ಉಸಿರು ತೆಗೆದುಕೊಂಡರು.

ಆಗ ಎಂಜಿನ್ನಿನ ಸ್ವರ ತೆಳ್ಳಗಾಯಿತು. ಕಿರ್ರೆಂದಿತು. ಟಕ್ಕೆಂದು ನಿಂತಿತು. ದಾರ ಎಳೆದರೆ ಬಂಡೆ ಎಳೆದ ಹಾಗೆ, ಜಗ್ಗಲಿಲ್ಲ.

"ವಾಹ್! ಆಟೋ ಸ್ಟಾಪ್!" ಎಂದರು ಅಧಿಕಾರಿ.

"ಆಟೋ ಸ್ಟಾಪ್!" ಎಂದು ಭಾನುಮತಿಯವರು ಬಾಲ್ಕನಿಗಳಿಗೆ ಸಾರಿದರು. ಇನ್ನೊಮ್ಮೆ ಚಪ್ಪಾಳೆ.

"ಇದನ್ನು ಆಫೀಸಿಗೆ ಒಯ್ದು ಎಲ್ಲರಿಗೂ ತೋರಿಸ್ತೀನಿ. ಅಲ್ಲಿಯವರೆಗೆ ನಮ್ಮ ಹಳೇ ಮೆಷಿನ್ ನಿಮಗೆ ಕೊಡ್ತೀನಿ, ಇವತ್ತು ಸಂಜೆಗೇ," ಎಂದರು ಅಧಿಕಾರಿ.

ಸಂಭ್ರಮದಲ್ಲಿ 'ಹಳೇ' ಎಂಬ ಮಾತನ್ನು ಕೇಳಿಸಿಕೊಳ್ಳದ ಭಾನುಮತಿಯವರು ಕತ್ತೆತ್ತಿ ಕೂಗಿದರು: "ಸರೋಜಾ! ಇನ್ನು ಮೇಲೆ ಬಾಗಿಲು ಮುಚ್ಚಬೇಡ! ಟವೆಲ್ ಒಣಗಿಹಾಕು!"

ಮೇಲಿನಿಂದ ಸರೋಜ ಆಂಟಿ ಕೈ ಮುಗಿದರು.

ಸುಮ್ಮನಿದ್ದರೆ ನಿತ್ಯಾನಂದ ಬದುಕಿದ. ಮೆಷಿನ್ನು ಪುರಸಭೆಯಲ್ಲಿ ಸದ್ಗತಿ ಪಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಸಂಜೆಗೆ ಹಳೆಯ ಮೆಷಿನ್ನು ಹೊಗೆ ಕಾರುತ್ತ ಒಂಬತ್ತನೆಯ ಮಹಡಿಗೆ ಹೋಗುತ್ತದೆ. ಅಲ್ಲಿ ಆ ಬಾಗಿಲು ಇವನನ್ನು ನಂಬಿ ತೆರೆದಿರುತ್ತದೆ. ಹುಟ್ಟಿದಾಗಿನಿಂದ ಸಂಗ್ರಹಿಸಿದ ಹೆದರಿಕೆಗಳನ್ನೆಲ್ಲ ಒಟ್ಟುಹಾಕಿದರೂ ಇದರಷ್ಟು ದೊಡ್ಡದಾಗಲಿಲ್ಲ.

"ಆಟೋ ಸ್ಟಾಪ್ ಅಲ್ಲ ಸರ್!" ಅವನ ಕೂಗು ಎಷ್ಟು ಜೋರಾಗಿತ್ತೆಂದರೆ ಕಾವಲುಗಾರ ತನ್ನ ವೃತ್ತದಿಂದ ಆಚೆ ಹಾರಿದ. "ಅದು ಸತ್ತುಹೋಗಿದೆ! ನಾನೇ ಕೊಂದಿದ್ದು! ನಾನು ಎಂಜಿನಿಯರ್ ಅಲ್ಲ! ಆಂಟೀ, ಬಾಗಿಲು ತೆಗೀಬೇಡಿ!"

ಚಮಚಗಳು ನಿಂತವು. ಫೋನಿನಿಂದ ಕಮರುದ್ದೀನನ ಧ್ವನಿ ಬಂತು: "ಎಣ್ಣಿ ಪಂಪು ಎಲ್ಲೈತ್ರೀ?"

"ಜೇಬಲ್ಲಿದೆ."

"ಯಪ್ಪಾ! ಮೊದ್ಲು ಎಣ್ಣಿ ಪೆಟ್ರೋಲ್ ಜೋಡಿ ಕೆಳಗಿನ ಬೇರಿಂಗ್‌ಗೆಲ್ಲ ಸವರಿಕೋತ ಮ್ಯಾಲ ಬರ್ತಿತ್ರೀ. ಈಗ ಪೆಟ್ರೋಲು ಸೀದಾ ಮ್ಯಾಲ ಹೊಂಟೈತಿ, ಕೆಳಗಿನವ್ರಿಗೆ ಎಣ್ಣಿ ಕೊಡಾವ್ರು ಯಾರು? ಅದಕ್ಕಽ ಆ ಸಣ್ಣ ಪಂಪ್ ಕೊಟ್ಟಿದ್ದೆ!"

ಏಳನೆಯ ಮಹಡಿಯಿಂದ ವೇದಾ ಕೂಗಿದಳು: "ಎಣ್ಣೆ ಸವರದ ಕಾವಲಿ ಮೇಲೆ ದೋಸೆ ಹುಯ್ದಿದ್ದೀರಾ? ಹಿಡ್ಕೊಳ್ದೆ ಇನ್ನೇನಾಗತ್ತೆ!" ಆರನೆಯ ಮಹಡಿಯಿಂದ ಲೋಕೇಶ ಇದನ್ನು ಇಂಗ್ಲಿಷಿಗೂ ಮಲಯ್‌ಗೂ ಅನುವಾದಿಸಿ ಜನಸೇವೆ ಮಾಡಿದ. ಎಲ್ಲ ಮಹಡಿಗಳಿಗೂ ಒಮ್ಮೆಲೇ ಅರ್ಥವಾಯಿತು. ಎಂಜಿನ್ನು ತಿಳಿಯದವರಿದ್ದಾರೆ, ದೋಸೆ ತಿಳಿಯದವರು ಸುಬಾಂಗ್ ಜಯಾದಲ್ಲಿಲ್ಲ. ಚಿಕ್ಕಪ್ಪನ ಹಣೆ, "ಇದು ಅವನ ತಾಯಿ ಕಡೆಯಿಂದ ಬಂದದ್ದು," ಎಂದು ಕರೆ ಕತ್ತರಿಸಿತು.

ಹೆಡ್‌ಮಿಸ್ಟ್ರೆಸ್ ಆಗಿದ್ದವರು ಶಿಕ್ಷೆಗೆ ತಡಮಾಡುವುದಿಲ್ಲ. ಭಾನುಮತಿಯವರು ಉಗ್ರಾಣದಿಂದ ಆರ್ಕಿಡ್ ಗಿಡಗಳಿಗೆ ನೀರು ಚಿಮುಕಿಸುವ ಕೈಪಂಪು ತರಿಸಿದರು. "ಇದಕ್ಕೆ ಪೆಟ್ರೋಲ್ ಬೇಡ. ಎಣ್ಣೆ ಬೇಡ. ನಿಮ್ಮ ಸ್ನೇಹಿತರು ಮೆಷಿನ್ ರಿಪೇರಿ ಮಾಡಿಕೊಡುವ ತನಕ ಹತ್ತೂ ಮಹಡಿ ನೀವೇ. ಪ್ರತಿ ಬಾಗಿಲ ಹಿಡಿ, ಪ್ರತಿ ಲಿಫ್ಟ್ ಗುಂಡಿ."

"ಮುಟ್ಟಬೇಕಾ ಮೇಡಂ?"

"ಮುಟ್ಟಿ, ಒರೆಸಬೇಕು."

ಆದರೆ ಹೋಗುವ ಮುನ್ನ ಆಕೆ ತಮ್ಮ ಕೈಗವಸುಗಳ ಹೊಸ ಜೊತೆಯೊಂದನ್ನು ಕೈಪಂಪಿನ ಹಿಡಿಗೆ ಸಿಕ್ಕಿಸಿ ಹೋದರೆಂಬುದನ್ನೂ ಹೇಳಲೇಬೇಕು.

ಸಂಜೆ ನಿತ್ಯಾನಂದ ಕೆಳಗಿನಿಂದ ಶುರುಮಾಡಿದ. ಕೊರೋನಾ ಕುಳಿತಿರಬಹುದಾದ ಜಾಗಗಳನ್ನೆಲ್ಲ ಇಷ್ಟು ದಿನ ಕನಸಿನಲ್ಲಿ ನೋಡುತ್ತಿದ್ದವನು ಈಗ ಅವುಗಳ ಮನೆ ಮನೆಗೇ ಹೋಗಬೇಕಾಗಿತ್ತು. ಆರನೆಯ ಮಹಡಿಯಲ್ಲಿ ಲೋಕೇಶ ಬಾಗಿಲಿಗೆ ಒಂದು ಬ್ರೆಡ್ಡು ತೂಗುಹಾಕಿದ್ದ. ಅದು ಎಂಜಿನ್ನಿನಷ್ಟೇ ಗಟ್ಟಿಯಾಗಿತ್ತು, ಆದರೂ ಬೆಚ್ಚಗಿತ್ತು. ಎಂಟನೆಯದನ್ನು ಮುಗಿಸುವಷ್ಟರಲ್ಲಿ ಎದೆ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು. ಒಂಬತ್ತನೆಯದಕ್ಕೆ ಹತ್ತಿದಾಗ ಉಸಿರು ಒಳಗೆ ಹೋಗಲೊಲ್ಲದು, ಹೊರಗೂ ಬರಲೊಲ್ಲದು. ಕಣ್ಣಿಗೆ ಬಿಳಿ ಉಡುಪಿನವರು ಕಂಡರು. ಸರೋಜ ಆಂಟಿಯ ಬಾಗಿಲ ಮುಂದೆ ಪಂಪನ್ನು ತಬ್ಬಿಕೊಂಡು ಕುಸಿದ.

"ಆಂಟೀ, ದೂರ ಇರಿ. ನನಗೆ ಬಂದುಬಿಟ್ಟಿದೆ. ಉಸಿರಾಡಕ್ಕಾಗ್ತಿಲ್ಲ. ವೇದಾಗೆ ಹೇಳಿಬಿಡಿ."

ಒಳಗಿನಿಂದ ಕುರ್ಚಿ ಎಳೆದ ಸದ್ದು, ಬಾಗಿಲು ತೆರೆದ ಸದ್ದು. ಕಬ್ಬಿಣದ ಗ್ರಿಲ್ಲಿನ ಆಚೆ ಸರೋಜ ಆಂಟಿ ಬಂದು ಕುಳಿತರು. ಉಸಿರುಗಟ್ಟುವುದರಲ್ಲಿ ಅವರದ್ದು ಜೀವಮಾನದ ಅನುಭವ. ಕಿವಿಯನ್ನು ಗ್ರಿಲ್ಲಿಗೆ ಒಡ್ಡಿ ಗಂಭೀರವಾಗಿ ಆಲಿಸಿದರು.

"ಕೊರೋನಾ ಇಲ್ಲ, ತಂಬಿ. ಇದು ಮೆಟ್ಟಿಲು," ಎಂದರು. "ಜೊತೆಗೆ ಭಯ. ಪಂಪ್ ಹೊಡೆಯೋ ಅವಸರದಲ್ಲಿ ಉಸಿರು ಬಿಡೋದೇ ಮರೆತಿದ್ದೀರಿ. ಮೆದುವಾ, ನಿಧಾನಕ್ಕೆ. ಬಾಯಲ್ಲಿ ಬಿಡಿ, ಕಾಫಿ ಆರಿಸೋ ಹಾಗೆ. ನಾನೂ ಬಿಡ್ತೀನಿ, ಪಾರುಂಗೊ, ನೋಡಿ."

ಇಬ್ಬರೂ ಗ್ರಿಲ್ಲಿನ ಆಚೆ ಈಚೆ ಕುಳಿತು, ಕಾಣದ ಕಾಫಿಯನ್ನು ಊದಿದರು. ಸ್ವಲ್ಪ ಹೊತ್ತಿಗೆ ನಿತ್ಯಾನಂದನ ಎದೆ ಇಳಿಯಿತು. ಅವನು ಎದ್ದು, ಪಂಪು ಎತ್ತಿ, ಅವರ ಬಾಗಿಲ ಹಿಡಿಗೆ ಔಷಧಿ ಚಿಮುಕಿಸಿ ಒರೆಸಿದ. ಒಂದೊಂದು ತಳ್ಳಿಗೂ ಪಂಪು ಕುಯ್ಯೋ ಎನ್ನುತ್ತಿತ್ತು, ಅವನು ಹಯ್ಯೋ ಎನ್ನುತ್ತಿದ್ದ.

"ಆಂಟೀ," ಎಂದು ಹೆದರುತ್ತಲೇ ಕೇಳಿದ, "ನಿಮಗೆ ತೊಂದರೆ ಆಗ್ತಿಲ್ಲ ತಾನೇ?"

"ಹೊಗೆ ಇಲ್ಲ, ತಂಬಿ," ಎಂದರು ಸರೋಜ ಆಂಟಿ. "ಸದ್ದು ಮಾತ್ರ ಹಳೇ ಮೆಷಿನ್ನಿಗಿಂತ ಜಾಸ್ತಿ."

ಅವನು ಹತ್ತನೆಯ ಮಹಡಿಯ ಮೆಟ್ಟಿಲು ಹತ್ತುತ್ತ ತಿರುಗಿ ನೋಡಿದ. ಅವರು ಅಲ್ಲೇ ಕುಳಿತಿದ್ದರು. ಬಾಗಿಲು ಮುಚ್ಚಿರಲಿಲ್ಲ.